ಹೊಳೆಯ ಮರಳಲ್ಲಿ ಕಂಬದ ಭವಿಷ್ಯ

ನೆಲದ ಮೇಲೆ ಕೆಲಸ ಮಾಡುವವರಿಗೆ ಒಂದು ಅನುಕೂಲವಿದೆ. ಗೋಡೆ ಕಟ್ಟಿದವನು ಗೋಡೆ ತೋರಿಸುತ್ತಾನೆ, ಬಣ್ಣ ಬಳಿದವನು ಬಣ್ಣ ತೋರಿಸುತ್ತಾನೆ. ನೆಲದ ಕೆಳಗಿನ ವ್ಯವಹಾರ ಹಿಡಿದ ನಮ್ಮಂಥವರು ಏನನ್ನು ತೋರಿಸೋಣ? ಹಾಗಾಗಿ ನೋಡಿದವರು ತಮಗೆ ತೋಚಿದ್ದನ್ನು ಅಂದುಕೊಳ್ಳುತ್ತಾರೆ, ನಮ್ಮ ಬಾಳಿನಲ್ಲಿ ಇಂಥ ಪ್ರಸಂಗಗಳಿಗೆ ಕೊರತೆಯೇ ಬರುವುದಿಲ್ಲ. ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ತೊಂಬತ್ತರ ದಶಕದ ಮಾತು. ನಾನಾಗ ಮೈಸೂರಿನ ಒಂದು ಸಣ್ಣ ಮಣ್ಣು ಪರೀಕ್ಷೆ ಕಂಪನಿಯಲ್ಲಿ ಎಂಜಿನಿಯರು. ಆ ವರ್ಷ ಕೆ.ಆರ್. ನಗರದ ಕಡೆ ಹೊಳೆಗೆ ಒಂದು ಸೇತುವೆ ಬರುವುದಿತ್ತು. ಬೇರೆ ಕಡೆ ಹೊಳೆಯ ತಳದಲ್ಲಿ ಬೇಗ ಬಂಡೆ ಸಿಗುತ್ತದೆ, ಅದರ ಮೇಲೆ ಕಂಬ ನಿಲ್ಲಿಸಿ ನಿದ್ದೆ ಮಾಡಬಹುದು. ಈ ತಿರುವಿನಲ್ಲಿ ಮಾತ್ರ ಎಷ್ಟು ಇಳಿದರೂ ಬರೀ ಮರಳು. ಮರಳಿನೊಳಗೆ ಆಳಕ್ಕೆ ಕಾಂಕ್ರೀಟಿನ ಕಂಬ ಇಳಿಸಬೇಕು. ಅದಕ್ಕೆ ನಾವು ಪೈಲು ಅನ್ನುತ್ತೇವೆ. ಸುತ್ತಲಿನ ಮರಳು ಅದನ್ನು ಹಿಡಿದುಕೊಳ್ಳುತ್ತದೆ, ತುದಿಯ ಕೆಳಗಿನ ಮರಳು ಎತ್ತಿಕೊಳ್ಳುತ್ತದೆ. ಎಷ್ಟು ಹಿಡಿಯುತ್ತದೆ, ಎಷ್ಟು ಎತ್ತುತ್ತದೆ ಎಂದು ಕಂಬ ಹಾಕುವ ಮೊದಲೇ ಹೇಳುವುದು ನನ್ನ ಕೆಲಸ.

ಇಷ್ಟನ್ನು ವಿವರಿಸಲು ಹೋಗಿಯೇ ನಾನು ಕೆಟ್ಟದ್ದು.

ಹುಡುಗ ಏನು ಮಾಡ್ತಾನೆ?

ಬಿಳಿಕೆರೆ ಹತ್ತಿರದ ಒಂದು ಹಳ್ಳಿಗೆ ಹೆಣ್ಣು ನೋಡಲು ಹೋಗಿದ್ದೆವು. ಸಂಬಂಧ ತಂದವರು ಹುಣಸೂರಿನಲ್ಲಿ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ. ಹುಡುಗಿಯ ತಂದೆ ಹೊಗೆಸೊಪ್ಪು ಬೆಳೆಯುವವರು. ದೊಡ್ಡ ಆಳು, ದೊಡ್ಡ ಮೀಸೆ, ದೊಡ್ಡ ದನಿ. ಉಪ್ಪಿಟ್ಟು ಬಂತು, ಬಾಳೆಹಣ್ಣು ಬಂತು, ಆಮೇಲೆ ಪ್ರಶ್ನೆ ಬಂತು.

"ಸೇತುವೆ ಕಟ್ತೀರಂತೆ?"

"ಇಲ್ಲ, ಕಟ್ಟೋದು ಕಂಟ್ರಾಕ್ಟರು."

"ಅದ್ರ ನಕ್ಸೆ ಬರೀತೀರೇನೋ."

"ಇಲ್ಲ, ಅದು ಬೇರೆಯವರು."

"ಮತ್ತೆ ನೀವು?"

"ಮರಳಲ್ಲಿ ಇಳಿಸಿದ ಕಂಬ ಎಷ್ಟು ಭಾರ ತಡೆಯುತ್ತೆ ಅಂತ ಮೊದಲೇ ಹೇಳ್ತೀನಿ."

ಅವರು ಬಾಳೆಹಣ್ಣಿನ ಸಿಪ್ಪೆಯನ್ನು ನಿಧಾನವಾಗಿ ತಟ್ಟೆಯಲ್ಲಿಟ್ಟರು. "ಅಂದ್ರೆ ಕಣಿ ಹೇಳೋದು," ಎಂದರು. ಸೋದರಮಾವ ಕೆಮ್ಮಿದರು. ನಾನು ಸುತ್ತಲಿನ ಹಿಡಿತ, ತುದಿಯ ಆಸರೆ ಎಂದು ಏನೇನೋ ಶುರುಮಾಡಿದೆ. ಮನೆಯವರೆಲ್ಲ ಮರ್ಯಾದೆಗೆ ತಲೆಯಾಡಿಸಿದರು.

ಆಗ ಬಾಗಿಲ ಬಳಿ ನಿಂತಿದ್ದ ಹುಡುಗಿ ಕೇಳಿದಳು. "ನೀವು ಹೇಳಿದ್ದು ಸರಿನೋ ತಪ್ಪೋ ಅಂತ ಹೆಂಗೆ ಗೊತ್ತಾಗುತ್ತೆ?"

ಅಷ್ಟು ವರ್ಷದಲ್ಲಿ ನನ್ನನ್ನು ಇಂಥ ಒಳ್ಳೆಯ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅದೇ ಗಳಿಗೆಗೆ ನನಗೆ ಹುಡುಗಿ ಹಿಡಿಸಿದಳು, ಮುಚ್ಚಿಡುವುದೇನು. "ಒಂದು ಕಂಬದ ಮೇಲೆ ನಿಜವಾಗಲೂ ಭಾರ ಇಟ್ಟು ನೋಡ್ತೀವಿ," ಎಂದೆ ಉತ್ಸಾಹದಿಂದ.

ತಂದೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಅಂಗಾದ್ರೆ ಬಾರ ಇಡೋ ದಿನ ಹೇಳಿ ಕಳ್ಸಿ. ನಾನೂ ಬತ್ತೀನಿ. ಕಂಬ ನಿಂತ್ರೆ ಮುಂದಿನ ಮಾತು."

ಜಾತಕ ಕೂಡದೆ ಮದುವೆ ನಿಂತದ್ದನ್ನು ಕೇಳಿದ್ದೇನೆ, ಹೊಲ ಸಾಲದೆ ನಿಂತದ್ದನ್ನೂ ಕೇಳಿದ್ದೇನೆ. ಮರಳು ಸಡಿಲವಾಯಿತು ಎಂದು ಮದುವೆ ನಿಲ್ಲುವ ಯೋಗ ನನ್ನೊಬ್ಬನಿಗೇ ಇರಬೇಕು.

ಬಂದ ಗಂಗೆ

ಅದೇ ಬೇಸಗೆಯಲ್ಲಿ ಹೆಚ್.ಡಿ. ಕೋಟೆ ಕಡೆ ಹ್ಯಾಂಡ್‌ಪೋಸ್ಟ್ ಎಂಬ ಊರು ದಾಟಿ ಒಂದು ಕಟ್ಟಡಕ್ಕೆ ಮಣ್ಣು ನೋಡುವ ಕೆಲಸ ಬಂತು. ಮೂರು ಕಾಲಿನ ಗಳು ನಿಲ್ಲಿಸಿ, ರಾಟೆ ಕಟ್ಟಿ, ನೆಲಕ್ಕೆ ಕೊಳವೆ ಇಳಿಸುತ್ತಾ ಹೋಗುವುದು ಅಲ್ಲಿನ ಕೆಲಸ. ಇಳಿದಲ್ಲೆಲ್ಲ ಮಣ್ಣು ತೆಗೆದು ಪೊಟ್ಟಣ ಕಟ್ಟುತ್ತೇವೆ. ನೋಡುವವರಿಗೆ ಅದು ಬೋರ್‌ವೆಲ್ಲೇ. ಅಲ್ಲ ಎಂದು ಎಷ್ಟು ಸಲ ಹೇಳಿದರೂ "ಆಯ್ತು ಬುಡಿ ಸಾ, ನೀವು ಕೊರೀರಿ" ಎನ್ನುತ್ತಿದ್ದರು.

ಎರಡನೆಯ ದಿನ ಕೊಳವೆಯಲ್ಲಿ ನೀರು ಕಂಡಿತು. ಊರೇ ಬಂತು. ಒಬ್ಬ ಯಜಮಾನರು ಅರಿಶಿನ ಕುಂಕುಮ, ತೆಂಗಿನಕಾಯಿ ಹಿಡಿದು ಬಂದು ಕೊಳವೆಗೆ ಪೂಜೆ ಮಾಡಿ ನಮಗೆಲ್ಲ ತೀರ್ಥ ಕೊಟ್ಟರು. ನಾವು ನೀರು ಎಷ್ಟು ಆಳದಲ್ಲಿದೆ ಎಂದು ಅಳೆದು ಬರೆದುಕೊಂಡು, ಕೊಳವೆ ಎತ್ತಿ, ಕೂಲಿಯವರಿಗೆ ಗುಂಡಿಗೆ ಮಣ್ಣು ತುಂಬಲು ಹೇಳಿದೆವು.

"ಪಂಪು ಯಾವಾಗ ಇಳಿಸ್ತೀರಿ ಸಾ?" ಎಂದರು ಯಜಮಾನರು.

"ಪಂಪಿಲ್ಲ. ನೀರೆಲ್ಲಿದೆ ಅಂತ ಗೊತ್ತಾಯ್ತಲ್ಲ, ನಮಗಷ್ಟೇ ಬೇಕಾಗಿದ್ದು. ಗುಂಡಿ ಹಂಗೇ ಬಿಟ್ರೆ ಕರು ಗಿರು ಕಾಲು ಹಾಕುತ್ತೆ, ಮುಚ್ತೀವಿ."

ಅವರು ಕೈಯಲ್ಲಿದ್ದ ಕಾಯಿಹೋಳನ್ನೂ ನನ್ನ ಮುಖವನ್ನೂ ನೋಡಿದರು. "ನೀರು ಸಿಗ್ನಿಲ್ಲ ಅಂತ ಗುಂಡಿ ಮುಚ್ಚೋರ ನೋಡಿವ್ನಿ. ಸಿಕ್ತು ಅಂತ ಮುಚ್ಚೋರ ಇವತ್ತೇ ಕಣ್ರಪ್ಪ ನೋಡ್ತಿರೋದು."

ಸುದ್ದಿ ನಮ್ಮ ಜೀಪಿಗಿಂತ ಮೊದಲು ಬಸ್ಸು ಹತ್ತಿ ಬಿಳಿಕೆರೆ ತಲುಪಿತ್ತು. ಮರುದಿನ ಸೋದರಮಾವ ಫೋನು ಮಾಡಿದರು. "ಹುಡುಗಿ ಅಪ್ಪ ಕೇಳ್ತಾವ್ರೆ ಕಣೋ. ಸಿಕ್ಕಿದ ಗಂಗೆಗೇ ಮಣ್ಣು ಹಾಕಿ ಬಂದೋನು, ನಾಳೆ ನಮ್ ಮನೆ ಲಕ್ಷ್ಮಿನ ಕಳಿಸಿಕೊಟ್ರೆ ಏನ್ ಮಾಡಾನು ಅಂತ."

ಕೊಸರು

ಸೇತುವೆಯ ಜಾಗದಲ್ಲಿ ಮರಳು ಎಷ್ಟು ಗಟ್ಟಿ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಸರಳಿನ ತಲೆಗೆ ಸುತ್ತಿಗೆಯಂಥ ಒಂದು ಭಾರವನ್ನು ಎತ್ತಿ ಎತ್ತಿ ಬಿಡುವುದು. ಗೇಣುದ್ದ ಇಳಿಯಲು ಎಷ್ಟು ಏಟು ಬೇಕಾಯಿತು ಎಂದು ಎಣಿಸುವುದು. ಏಟು ಹೆಚ್ಚಾದರೆ ಮರಳು ಗಟ್ಟಿ, ಕಡಿಮೆಯಾದರೆ ಸಡಿಲ. ಇಡೀ ಶಾಸ್ತ್ರ ನಿಂತಿರುವುದು ಈ ಎಣಿಕೆಯ ಮೇಲೆ.

ಎಣಿಸಲು ಆ ಊರಿನವರೇ ಒಬ್ಬರನ್ನು ಹಿಡಿದೆವು. ಗಟ್ಟಿ ಗಂಟಲು, ಎಣಿಕೆ ತಪ್ಪದ ಮನುಷ್ಯ. ಸುತ್ತಮುತ್ತಲ ಕಣಗಳಲ್ಲಿ ಭತ್ತ ಅಳೆಯುವುದಕ್ಕೆ ಅವರನ್ನೇ ಕರೆಯುತ್ತಿದ್ದರಂತೆ. ಮೊದಲ ಏಟಿಗೆ "ಒಂದು" ಎನ್ನದೆ ಕಣದಲ್ಲಿ ಅನ್ನುವಂತೆ "ಲಾಭ" ಎಂದರು. ಆಮೇಲೆ ಎರಡು, ಮೂರು, ನಾಲ್ಕು. ಕೇಳಲು ಚೆನ್ನಾಗಿತ್ತು, ನಾನೂ ಒಪ್ಪಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಗಮನಿಸಿದೆ. ಸರಳಿನ ಮೇಲೆ ಗೇಣಿಗೊಂದು ಎಳೆದಿದ್ದ ಗೆರೆ ನೆಲ ಮುಟ್ಟಿದ ಮೇಲೆ ಅವರು ಲೆಕ್ಕ ಕೂಗಿ ಹೇಳುತ್ತಿದ್ದರು, ನಾನು ಬರೆದುಕೊಳ್ಳಲು ತಲೆ ಬಗ್ಗಿಸುತ್ತಿದ್ದೆ, ಅಷ್ಟರಲ್ಲಿ ಸದ್ದಿಲ್ಲದೆ ಕೈಸನ್ನೆ ಮಾಡಿ ಇನ್ನೊಂದು ಏಟು ಹಾಕಿಸುತ್ತಿದ್ದರು.

"ಇದ್ಯಾವ ಏಟು?" ಎಂದೆ.

"ಅದು ಲೆಕ್ಕಕ್ಕಿಲ್ಲ ಸಾ. ಕೊಸರು."

"ಮರಳಿಗೆ ಕೊಸರೇ?"

"ಅಲ್ಲಾ ಸಾ, ಅಳತೆ ಅಂದ್ಮೇಲೆ ಮೇಲೊಂದು ಹಿಡಿ ಹಾಕ್ದೆ ಕೊಳಗ ಮಡಗಕ್ಕಾಯ್ತದಾ? ನೋಡ್ದೋರು ಏನಂದಾರು, ಜುಗ್ಗರು ಅನ್ನಾಕಿಲ್ವಾ?"

ಅವರ ಉದಾರತೆಯಿಂದ ಪ್ರತಿ ಗೇಣಿನಲ್ಲೂ ಒಂದೊಂದು ಏಟು ಲೆಕ್ಕ ತಪ್ಪಿ, ನನ್ನ ಮದುವೆ ನಿಂತಿದ್ದ ಮರಳು ಕಾಗದದ ಮೇಲೆ ಸಡಿಲವಾಗಿತ್ತು. ನಮ್ಮ ಸಾಹೇಬರಿಗೆ, ಅಂದರೆ ಕಂಪನಿಯ ಯಜಮಾನರಿಗೆ, ವಿಷಯ ತಿಳಿಯಿತು. ಅವರು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಕೊಸರು ಕಂಡವರಲ್ಲ. ಪಕ್ಕದಲ್ಲಿ ಹೊಸ ಗುಂಡಿ ತೆಗೆದು ಮೊದಲಿಂದ ಮಾಡಿ, ಒಂದು ಏಟೂ ಹೆಚ್ಚಿಗೆ ಹಾಕಕೂಡದು ಎಂದು ಅಪ್ಪಣೆಯಾಯಿತು.

ಮತ್ತೆ ಮಾಡಿದೆವು. ನಮ್ಮ ಎಣಿಕೆಯವರು ಹಲ್ಲು ಕಚ್ಚಿಕೊಂಡು ಒಂದು ಏಟೂ ಹೆಚ್ಚು ಹಾಕಿಸಲಿಲ್ಲ. ಮುಖ ಮಾತ್ರ ಸಾವಿನ ಮನೆಗೆ ಹೋಗಿಬಂದವರ ಹಾಗಿತ್ತು. ಸಂಜೆ ಕೊನೆಯ ಅಳತೆ ಬರೆದುಕೊಂಡು ನಾನು ಕೈಕಾಲು ತೊಳೆಯಲು ಹೊಳೆಗೆ ಇಳಿದೆ. ಬೆನ್ನ ಹಿಂದೆ ದಡಬಡ ಸದ್ದು. ಓಡಿ ಬಂದರೆ ಸರಳು ಪೂರ್ತಿ ಮರಳಿನೊಳಗೆ ಹೋಗಿ ತಲೆ ಮಾತ್ರ ಕಾಣುತ್ತಿತ್ತು. ಅದನ್ನು ಕೀಳಲು ಮರುದಿನ ಇಡೀ ಬೇಕಾಯಿತು.

ಎಣಿಕೆಯವರು ಬೆವರು ಒರೆಸಿಕೊಂಡು ಸಮಾಧಾನದಿಂದ ನಿಂತಿದ್ದರು. "ಲೆಕ್ಕ ಮುಗೀತು ಅಂದ್ರಲ್ಲ ಸಾ. ಅದುಕ್ಕೇ ದಿನದ ಕೊಸರನ್ನೆಲ್ಲಾ ಒಟ್ಟಿಗೆ ಹಾಕ್ಬುಟ್ಟೆ."

ಇಬ್ಬರು ಜೋಯಿಸರು

ಏಟಿನ ಲೆಕ್ಕ ಸಿಕ್ಕ ಮೇಲೆ ಸೂತ್ರಕ್ಕೆ ಹಾಕಿ ಕಂಬದ ಬಲ ಹೇಳಬೇಕು. ಇಲ್ಲೊಂದು ಗುಟ್ಟಿದೆ. ಮರಳಿನ ವಿಷಯದಲ್ಲಿ ಸೂತ್ರಗಳು ಬಹಳ, ಒಂದಕ್ಕೊಂದು ಮಾತುಕತೆ ಇಲ್ಲ. ಅದೇ ಮರಳು, ಅದೇ ಕಂಬ. ಒಂದು ಸೂತ್ರದ ಪ್ರಕಾರ ಆನೆಗಳ ಹಿಂಡು ನಿಂತರೂ ಅಲ್ಲಾಡುವುದಿಲ್ಲ, ಇನ್ನೊಂದರ ಪ್ರಕಾರ ಎಮ್ಮೆ ಮೈ ಉಜ್ಜಿದರೂ ಕಷ್ಟ. ಕಂಟ್ರಾಕ್ಟರ ಕಡೆಯ ತಜ್ಞರು ಒಂದು ಹೇಳಿದರು, ನಮ್ಮ ಸಾಹೇಬರು ಇನ್ನೊಂದು ಹೇಳಿದರು. ನಾನು ಎರಡರ ನಡುವೆ ಒಂದು ಜಾಗ ನೋಡಿಕೊಂಡು ನನ್ನದನ್ನು ಬರೆದುಕೊಟ್ಟೆ.

ಆ ವಾರ ಹುಣಸೂರಿನಲ್ಲಿ ಸೋದರಮಾವನ ಅಂಗಡಿಯಲ್ಲಿ ಹುಡುಗಿಯ ತಂದೆ ಸಿಕ್ಕರು. ಟೀ ತರಿಸಿದರು. ಅವರೂ ಚಿಂತೆಯಲ್ಲಿದ್ದ ಹಾಗಿತ್ತು.

"ಜಾತ್ಕ ತೋರಿಸ್ದೆ," ಎಂದರು. "ನಮ್ಮ ಹುಣ್ಸೂರು ಜೋಯಿಸ್ರು ಭೇಷಾಗಿ ಕೂಡ್ತದೆ ಅಂದ್ರು. ನಮ್ಮನೇವ್ರ ತವರು ಪಿರಿಯಾಪಟ್ಣ. ಅಲ್ಲಿಯೋರು ಆಗದೇ ಇಲ್ಲ ಅಂದ್ರು. ಇಬ್ರೂ ನೋಡಿದ್ದು ಒಂದೇ ಜಾತ್ಕ."

"ನಮ್ಮಲ್ಲೂ ಹಂಗೇ," ಎಂದೆ. ಬಾಯಿ ಸುಮ್ಮನಿರಬಾರದಿತ್ತೇ. "ಎಲ್ಲರೂ ಓದೋದು ಒಂದೇ ಮರಳು, ಹೇಳೋದು ಬೇರೆ ಬೇರೆ."

ಸೋದರಮಾವ ನನ್ನ ಕಾಲು ತುಳಿದರು. ತಂದೆ ಮಾತ್ರ ಮೊದಲ ಸಲ ನನ್ನನ್ನು ಮನುಷ್ಯನಂತೆ ನೋಡಿದರು.

"ಮತ್ತೆ ಯಾವ್ದು ನಿಜ ಅಂತ ಹೆಂಗೆ ತೀರ್ಮಾನ ಮಾಡ್ತೀರಿ?"

"ಅದಕ್ಕೇ ಭಾರ ಇಟ್ಟು ನೋಡೋದು."

ಅವರು ಟೀ ಲೋಟ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. "ನಿಮ್ದೇ ವಾಸಿ. ಕಂಬಕ್ಕಾದ್ರೆ ಬಾರ ಇಟ್ಟು ನೋಡಿ ವಾಪಸ್ ತೆಗಿಬೋದು. ನಮ್ಮ ಜೋಯಿಸ್ರ ಮಾತು ನೋಡ್ಬೇಕು ಅಂದ್ರೆ ಮದುವೆನೇ ಮಾಡ್ಬೇಕು."

ಮೇಲಕ್ಕೆ ಬಂದ ಕಂಬ

ಕೊನೆಗೂ ಆ ದಿನ ಬಂತು. ಪರೀಕ್ಷೆಯ ಕಂಬದ ಮೇಲೆ ಅಟ್ಟಣೆ ಕಟ್ಟಿ, ಮರಳು ತುಂಬಿದ ಚೀಲಗಳನ್ನು ಮನೆಯೆತ್ತರಕ್ಕೆ ಪೇರಿಸಿದ್ದೆವು. ಅಟ್ಟಣೆಗೂ ಕಂಬದ ತಲೆಗೂ ನಡುವೆ ಜಾಕಿ. ಜಾಕಿ ಒತ್ತಿದಷ್ಟೂ ಆ ಗುಡ್ಡದ ಭಾರ ಕಂಬದ ಮೇಲೆ ಇಳಿಯುತ್ತದೆ. ಕಂಬ ಎಷ್ಟು ಕುಸಿಯಿತು ಎಂದು ನೋಡಲು ಗಡಿಯಾರದಂಥ ಅಳತೆಯ ಯಂತ್ರಗಳು. ಕೂದಲೆಳೆಯಷ್ಟು ಅಲ್ಲಾಡಿದರೂ ಮುಳ್ಳು ಓಡುತ್ತದೆ. ಆ ಯಂತ್ರಗಳನ್ನು ಹಿಡಿದಿರಲು ಕಂಬಕ್ಕೆ ತಗುಲದ ಹಾಗೆ ಒಂದು ಉದ್ದನೆಯ ಕಬ್ಬಿಣದ ತೊಲೆ. ತೊಲೆಯ ತುದಿ ಅಟ್ಟಣೆಯಿಂದ ಆಚೆ ಚಾಚಿಕೊಂಡಿತ್ತು. ಪರೀಕ್ಷೆ ಮುಗಿಯುವ ತನಕ ಅದನ್ನು ಯಾರೂ ಮುಟ್ಟಬಾರದು. ಸುತ್ತ ಹಗ್ಗ ಕಟ್ಟಿದ್ದೆವು.

ಊರವರು ಬಂದು ಸೇರಿದರು. ಬಿಳಿಕೆರೆಯಿಂದ ಹುಡುಗಿಯ ತಂದೆ ಇಬ್ಬರು ನೆಂಟರನ್ನು ಕರೆದುಕೊಂಡು ಬಂದರು. ಹೊಳೆಯಾಚೆಯ ದೇವರಿಗೆ ಹಣ್ಣುಕಾಯಿ ಮಾಡಿಸುವ ನೆಪದಲ್ಲಿ ತಾಯಿ ಮಗಳೂ ಬಂದಿದ್ದರು. ನನ್ನ ಎದೆ ಆಗಲೇ ಜಾಕಿ ಇಲ್ಲದೆಯೇ ಒತ್ತುತ್ತಿತ್ತು.

ಸಾಹೇಬರು ಮರಳಿನ ಗುಡ್ಡದ ಆ ಬದಿಗೆ ಕೂತು ಬರೆದುಕೊಳ್ಳುತ್ತಿದ್ದರು. ನಾನು ಈ ಬದಿಯಿಂದ ಮುಳ್ಳು ನೋಡಿ ಕೂಗಿ ಹೇಳುತ್ತಿದ್ದೆ. ಭಾರ ಹಂತ ಹಂತವಾಗಿ ಏರಿತು. ಕಂಬ ಚೂರು ಚೂರೇ ಇಳಿಯಿತು, ನಾನು ಅಂದುಕೊಂಡ ಹಾಗೇ. ಊರವರಿಗೆ ಮಾತ್ರ ಬೇಜಾರು. ದಢಾರ್ ಎಂದು ಏನಾದರೂ ಬೀಳುತ್ತದೆಂದು ಬುತ್ತಿ ಕಟ್ಟಿಕೊಂಡು ಬಂದವರು ಅವರು.

ಬಿಸಿಲು ಏರಿದ ಮೇಲೆ ಇದ್ದಕ್ಕಿದ್ದ ಹಾಗೆ ಮುಳ್ಳು ಹಿಂದಕ್ಕೆ ಓಡಿತು. ಕಣ್ಣುಜ್ಜಿ ನೋಡಿದೆ. ಹೌದು, ಹಿಂದಕ್ಕೇ.

"ರೀಡಿಂಗ್ ಹೇಳಯ್ಯಾ," ಎಂದರು ಸಾಹೇಬರು ಆ ಕಡೆಯಿಂದ.

ಹೇಳಿದೆ.

"ಅದು ಹೇಗೆ ಕಡಿಮೆ ಆಗುತ್ತೆ? ಇಷ್ಟು ಭಾರದ ಕೆಳಗೆ ಪೈಲು ಮೇಲಕ್ಕೆ ಬರ್ತಿದೆ ಅಂತೀಯಾ?"

ಕಂಬ ಮೇಲೆ ಬರಲಾರದು. ಹಾಗಾದರೆ ಯಂತ್ರ ಹಿಡಿದ ತೊಲೆಯೇ ಕೆಳಗಿಳಿದಿರಬೇಕು. ಬಗ್ಗಿ ತೊಲೆಯ ಉದ್ದಕ್ಕೂ ಕಣ್ಣು ಹಾಯಿಸಿದೆ. ಆ ತುದಿಯಲ್ಲಿ, ಮರಳಿನ ಗುಡ್ಡದ ತಂಪು ನೆರಳಲ್ಲಿ, ತೊಲೆಯ ಮೇಲೆ ಟವೆಲ್ ಹಾಸಿಕೊಂಡು ಹುಡುಗಿಯ ತಂದೆ ಕೂತಿದ್ದರು. ಬೀಗರಾಗುವವರೆಂದು ನಮ್ಮ ಕೂಲಿಯವರೇ ಹಗ್ಗ ಎತ್ತಿ ಒಳಗೆ ಬಿಟ್ಟಿದ್ದರು. ತೊಲೆಯೂ ಸರಿಯಾಗಿ ಜಗಲಿಯ ಎತ್ತರಕ್ಕಿತ್ತು.

ನಮ್ಮ ಕಡೆ ಹೆಣ್ಣಿನ ತಂದೆ ಕೂತ ಜಾಗದಿಂದ ಅವರನ್ನು ಎಬ್ಬಿಸುವುದೆಂದರೆ ಊಟದ ಎಲೆಯಿಂದ ಎಬ್ಬಿಸಿದ ಹಾಗೆ. ಅಲ್ಲಿಗೆ ಸಂಬಂಧ ಮುಗಿಯಿತು. ಎಬ್ಬಿಸದಿದ್ದರೆ ಪರೀಕ್ಷೆ ಕೆಟ್ಟಿತು, ಕಂಬ ಫೇಲು, ಆಗಲೂ ಸಂಬಂಧ ಮುಗಿಯಿತು. ಸಾಹೇಬರು ಬಂದು ನೋಡಿದರೋ, ಎಲ್ಲರ ಎದುರಿಗೆ ಗದರುತ್ತಾರೆ.

ಒಂದು ಕುರ್ಚಿ ತರಿಸಿ ದೂರದಲ್ಲಿ ಹಾಕಿಸಿದೆ. "ಕುರ್ಚಿ ಮೇಲೆ ಕೂತ್ಕೊಳ್ಳಿ."

"ನಮಗ್ಯಾಕ್ ಬುಡಿ ಕುರ್ಚಿ ಗಿರ್ಚಿ. ಇಲ್ಲೇ ಅರಾಮಾಗದೆ."

"ಬನ್ನಿ, ಯಂತ್ರ ತೋರಿಸ್ತೀನಿ."

"ಇಲ್ಲಿಂದ್ಲೇ ಕಾಣ್ತದೆ. ನಿಮ್ ಕೆಲ್ಸ ನೋಡ್ಕಳಿ."

ಎಳನೀರು ಕೆತ್ತಿಸಿ ಮರದ ಕೆಳಗಿಟ್ಟು ಕರೆದೆ. ಕೂತಲ್ಲಿಗೇ ತರಿಸಿಕೊಂಡು ಕುಡಿದರು. ನಾನು ಇಷ್ಟು ಉಪಚಾರ ಮಾಡಿದ್ದು ಕಂಡು ಸಂತೋಷವಾಗಿ, ನಿಂತಿದ್ದ ನೆಂಟರಿಬ್ಬರನ್ನೂ ಕರೆದರು. "ಬನ್ರೋ, ಬಿಸ್ಲಲ್ಲಿ ಯಾಕ್ ನಿಂತಿದ್ದೀರಿ," ಎಂದು ಸರಿದು ಜಾಗ ಮಾಡಿಕೊಟ್ಟರು. ಇಬ್ಬರೂ ಕೂತರು. ಮುಳ್ಳು ಇನ್ನಷ್ಟು ಹಿಂದಕ್ಕೆ ಓಡಿತು.

"ಮೂವತ್ತು ವರ್ಷದ ಸರ್ವೀಸಲ್ಲಿ ಇಂಥದ್ದು ಕಂಡಿಲ್ಲ," ಎಂದು ಸಾಹೇಬರು ಆ ಕಡೆ ಏಳುವ ಸದ್ದಾಯಿತು. ನಾನು ದೇವರನ್ನು ನೆನೆದೆ.

ಆಗ ನನ್ನ ಬೆನ್ನ ಹಿಂದೆಯೇ, ಹಗ್ಗದಾಚೆಯಿಂದ ಹುಡುಗಿಯ ದನಿ ಬಂತು. "ಅಪ್ಪಾ, ನೀನು ಕೂತಾಗ್ಲಿಂದ ಆ ಮುಳ್ಳು ಹಿಂದುಕ್ಕೆ ಹೋಯ್ತಾ ಅದೆ. ಎದ್ದೇಳು."

ಅವರು ಗಾಬರಿಯಿಂದ ಎದ್ದರು. ಮುಳ್ಳು ಸರ್ರನೆ ಮುಂದಕ್ಕೆ ಓಡಿತು. ಅವರು ಹತ್ತಿರ ಬಂದು ಯಂತ್ರವನ್ನು ನೋಡಿದರು, ನನ್ನನ್ನು ನೋಡಿದರು. ವಾಪಸ್ ಹೋಗಿ ಕೂತರು. "ಈಗ?" ಹಿಂದಕ್ಕೆ. ಎದ್ದರು. "ಈಗ?" ಮುಂದಕ್ಕೆ. ಆಮೇಲೆ ನೆಂಟರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಎಬ್ಬಿಸಿ, ಯಾರಿಗೆ ಎಷ್ಟು ಓಡುತ್ತದೆ ಎಂದು ನೋಡಿದರು. ಬುತ್ತಿ ತಂದವರು ಹಗ್ಗ ದಾಟಿ ಸಾಲು ನಿಂತರು. ಬೆಳಗಿನಿಂದ ಕಾದಿದ್ದಕ್ಕೆ ಕೊನೆಗೂ ಏನೋ ನಡೆಯುತ್ತಿತ್ತು.

ಸಾಹೇಬರು ಬಂದವರೇ, "ಏನ್ ನಡೀತಿದೆ ಇಲ್ಲಿ?" ಎಂದರು.

"ಬನ್ನಿ ಸಾ, ನೀವೂ ಒಂದ್ಸಲ ಕೂತ್ಕಳಿ," ಎಂದರು ತಂದೆ.

ಸಾಹೇಬರು ಕೂರಲಿಲ್ಲ. ಭಾರವೆಲ್ಲ ಇಳಿಸಿ ಇನ್ನೊಂದು ದಿನ ಮೊದಲಿಂದ ಮಾಡಬೇಕೆಂದು ಹೇಳಿ, ತಲೆ ಹಿಡಿದುಕೊಂಡು ಜೀಪಿನ ಕಡೆ ಹೋದರು. ನಾನು ಹೋಗಿ ತಂದೆಯ ಮುಂದೆ ನಿಂತೆ. ಎಲ್ಲ ಮುಗಿಯಿತು ಎಂದೇ ಅನಿಸಿತ್ತು.

"ಅಲ್ರೀ," ಎಂದರು. "ಮೊದ್ಲೇ ಗೊತ್ತಾಗಿತ್ತಾ ನಿಮಗೆ?"

"ಗೊತ್ತಾಗಿತ್ತು."

"ಅದುಕ್ಕೇ ಕುರ್ಚಿ, ಎಳ್ನೀರು ಎಲ್ಲಾ?"

ತಲೆ ಬಗ್ಗಿಸಿದೆ. ಅವರು ಹೊಳೆ ಆಚೆಗೆ ಕೇಳುವ ಹಾಗೆ ನಕ್ಕರು. "ಅಷ್ಟು ದೊಡ್ಡ ಮರಳ ಗುಡ್ಡಕ್ಕೆ ಜಗ್ಗದ ಮುಳ್ಳು ನಾನು ಕೂತಿದ್ದಕ್ಕೆ ಓಡ್ತು. ಆ ನನ್ನ ಬಾರನ ಬಾಯಿ ಮುಚ್ಕಂಡು ತಡ್ಕಂಡ್ರಲ್ಲ, ಸಾಕು. ಸಂಬಂಧ ಒಪ್ಗೆ."

"ಕಂಬದ್ದು ಇನ್ನೂ ಗೊತ್ತಾಗಿಲ್ವಲ್ಲ," ಎಂದೆ, ಪೆದ್ದನ ಹಾಗೆ.

"ಕಂಬ ಬುಡಿ. ಅದ್ರ ಜೊತೆ ಬಾಳೋದು ನೀವು ಕಣ್ರೀ, ನನ್ ಮಗಳಲ್ಲ."

ಮುಂದಿನ ವಾರ ಮತ್ತೆ ಪರೀಕ್ಷೆ ಮಾಡಿದೆವು. ಕಂಬ ನಾನು ಹೇಳಿದ್ದಕ್ಕಿಂತ ಹೆಚ್ಚೇ ಹೊತ್ತಿತು. ಅಂದರೆ ನನ್ನ ಭವಿಷ್ಯ ತಪ್ಪಾಗಿತ್ತು, ಆದರೆ ಹೆಚ್ಚು ಹೊತ್ತ ತಪ್ಪಿಗೆ ಬೈಯುವವರು ಯಾರು?

ಮದುವೆಯಾದ ಮೇಲೆ ಒಂದು ದಿನ ಹೆಂಡತಿಯನ್ನು ಕೇಳಿದೆ. "ನಿಮ್ಮಪ್ಪ ಕೂತಿದ್ದಕ್ಕೇ ಮುಳ್ಳು ಓಡ್ತಿದೆ ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ನೀವು ಕುರ್ಚಿ ತರಿಸಿದಾಗಲೇ."

"ಅಷ್ಟು ಹೊತ್ತು ನಾನು ಒದ್ದಾಡ್ತಿದ್ದೆ. ಆಗಲೇ ಹೇಳಬಾರದಿತ್ತಾ?"

"ಎದ್ದೇಳಿ ಅಂತ ಅಪ್ಪನಿಗೆ ನೀವು ಹೇಳ್ತೀರೋ ಇಲ್ವೋ ಅಂತ ನೋಡ್ತಾ ಇದ್ದೆ."

"ನಾನು ಹೇಳಲೇ ಇಲ್ಲವಲ್ಲ."

"ಅದಕ್ಕೇ ಒಪ್ಕೊಂಡಿದ್ದು," ಎಂದಳು. "ಒಂದು ಮನೆಗೆ ಬಾಯಿ ಇರೋರು ಒಬ್ಬರು ಸಾಕು."